ಎರಡು ಡಬ್ಬಿ, ಒಂದು ತಾಟಿನಿಂಗು

(ಒಂದು ಪಾಲಿಟೆಕ್ನಿಕ್‌ನ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ, ಎಲೆಕ್ಟ್ರಾನಿಕ್ ಬೋರ್ಡನ್ನು ಕಾಪಾಡಲು ಸುರಿಯುವ ಸಿಲಿಕೋನ್ ಜೆಲ್ ಬಗ್ಗೆ ಆಡಿದ ಮಾತಿನ ಬರಹ ರೂಪ ಇದು. ನಡುವೆ ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ಸಣ್ಣ ಕೆಲಸ ಮುಗಿಸಿಬಿಡುತ್ತೇನೆ. ಇಲ್ಲದಿದ್ದರೆ ಕೊನೆಗೆ ನಿಮಗೆ ತೋರಿಸಲು ಏನೂ ಇರುವುದಿಲ್ಲ.

ಇದು ಎ ಡಬ್ಬಿ, ಇದು ಬಿ ಡಬ್ಬಿ. ಎರಡರಲ್ಲೂ ಇರುವುದು ನೀರಿನ ಹಾಗೆ ತಿಳಿಯಾದ ದ್ರವ. ದಪ್ಪ ಹೆಚ್ಚೂಕಮ್ಮಿ ಹರಳೆಣ್ಣೆಯಷ್ಟು. ತಕ್ಕಡಿ ಮೇಲೆ ಎ 50 ಗ್ರಾಂ, ಬಿ 50 ಗ್ರಾಂ. ಈಗ ಕಡ್ಡಿಯಿಂದ ನಿಧಾನವಾಗಿ ಕಲಸುತ್ತಿದ್ದೇನೆ. ಮಜ್ಜಿಗೆ ಕಡೆದ ಹಾಗೆ ಕಡೆಯಬಾರದು, ಗಾಳಿ ಸೇರಿಕೊಳ್ಳುತ್ತದೆ. ಪಾತ್ರೆಯ ಅಂಚು, ತಳ ಎಲ್ಲವನ್ನೂ ಕೆರೆದು ಕಲಸಬೇಕು. ಅಂಚಿಗೆ ಅಂಟಿಕೊಂಡು ಬರೀ ಎ ಉಳಿದರೆ ಆ ಜಾಗ ಜನ್ಮದಲ್ಲಿ ಸೆಟ್ ಆಗುವುದಿಲ್ಲ.

ಆಯ್ತು. ಇದನ್ನು ಎರಡು ಪ್ಲಾಸ್ಟಿಕ್ ಲೋಟಕ್ಕೆ ಸುರಿಯುತ್ತೇನೆ. ಮೊದಲನೆಯ ಲೋಟದಲ್ಲಿ ಬಟನ್ ಸೆಲ್‌ಗೆ ಸಿಕ್ಕಿಸಿದ ಒಂದು ಕೆಂಪು ಎಲ್‌ಇಡಿ ಇದೆ. ನೋಡಿ, ಉರಿಯುತ್ತಿದೆ. ಎರಡನೆಯದರಲ್ಲೂ ಅದೇ ತರದ್ದು. ಆದರೆ ಅದರ ಸುತ್ತ ಒಂದು ರಬ್ಬರ್ ಬ್ಯಾಂಡ್ ಸುತ್ತಿದ್ದೇನೆ. ಕೊತ್ತಂಬರಿ ಕಟ್ಟಿಗೆ ಹಾಕಿರುತ್ತಾರಲ್ಲ, ಅಂಥದ್ದೇ. ಈ ಜೆಲ್ ಬೇಗ ಸೆಟ್ ಆಗುವ ಬಗೆಯದು, ಮುಕ್ಕಾಲು ಗಂಟೆ ಸಾಕು. ಎರಡೂ ಮೇಜಿನ ಮೇಲೇ ಇರಲಿ. ಯಾರೂ ಮುಟ್ಟಬೇಡಿ, ಕೊನೆಗೆ ನೀವೇ ಮುಟ್ಟುವಿರಂತೆ.

ನನ್ನ ಮೊದಲ ಕೆಲಸ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ. ಬೋರ್‌ವೆಲ್ ಪಂಪಿನ ಕಂಟ್ರೋಲರ್ ಮಾಡುತ್ತಿದ್ದೆವು. ಹೊಲದಲ್ಲಿರುವ ಪಂಪಿನ ಪ್ಯಾನೆಲ್ ನೋಡಿದ್ದೀರಿ ತಾನೇ? ತಗಡಿನ ಡಬ್ಬ, ಬಾಗಿಲು ಅರ್ಧ ಮುರಿದಿರುತ್ತದೆ. ಒಳಗೆ ಇರುವೆ, ಹಲ್ಲಿ, ಕೆಲವು ಸಲ ಕಣಜದ ಗೂಡು. ಹಲ್ಲಿ ಎರಡು ಟರ್ಮಿನಲ್ ನಡುವೆ ಹೋಗಿ ಕೂತರೆ ಅದರ ಕಥೆಯೂ ಮುಗಿಯಿತು, ಬೋರ್ಡಿನ ಕಥೆಯೂ ಮುಗಿಯಿತು. ಅದಕ್ಕೇ ನಾವು ಇಡೀ ಬೋರ್ಡನ್ನು ಎಪಾಕ್ಸಿ ಅನ್ನುವ, ಸೆಟ್ ಆದರೆ ಕಲ್ಲಾಗುವ ಕಪ್ಪು ರಾಳದಲ್ಲಿ ಮುಳುಗಿಸಿಬಿಡುತ್ತಿದ್ದೆವು. ಸೆಟ್ ಆದ ಮೇಲೆ ಅದು ಬೋರ್ಡ್ ಅಲ್ಲ, ಇಟ್ಟಿಗೆ. ಸುತ್ತಿಗೆಯಲ್ಲಿ ಹೊಡೆದರೂ ಏನೂ ಆಗದು. ನೋಡಿ ಎಲ್ಲರಿಗೂ ಖುಷಿ.

ಆದರೆ ಬೇಸಿಗೆ ಕಳೆಯುವ ಹೊತ್ತಿಗೆ ಮಾಲು ವಾಪಸ್ ಬರಲು ಶುರುವಾಯಿತು. ಹೊರಗೆ ಒಂದು ಗೀರೂ ಇಲ್ಲ, ಒಳಗೆ ಸತ್ತಿದೆ. ಯಾಕೆ ಅಂತ ನೋಡೋಣ ಅಂದರೆ ಬಿಚ್ಚುವ ಹಾಗಿಲ್ಲವಲ್ಲ! ಕೊನೆಗೆ ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದು, ಉಜ್ಜಿ ಉಜ್ಜಿ ಒಳಗೆ ಹೋದೆವು. ಗಾಜಿನ ಮೈಯಿರುವ ಸಣ್ಣ ಡಯೋಡುಗಳು ನಡುವಿಗೆ ಸೀಳಿದ್ದವು. ಟ್ರಾನ್ಸ್‌ಫಾರ್ಮರಿನ ಫೆರೈಟ್ ತುಂಡು ಬಿರುಕು ಬಿಟ್ಟಿತ್ತು. ಅವುಗಳನ್ನು ಕೊಂದದ್ದು ಹಲ್ಲಿಯೂ ಅಲ್ಲ, ನೀರೂ ಅಲ್ಲ. ನಾವು ಕಾಪಾಡಲು ಸುರಿದ ಎಪಾಕ್ಸಿಯೇ.

ಕಾರಣ ಸರಳ. ಬಿಸಿಯಾದಾಗ ಎಲ್ಲವೂ ಹಿಗ್ಗುತ್ತದೆ, ಆದರೆ ಒಂದೇ ಅಳತೆಯಲ್ಲಲ್ಲ. ಒಂದು ಡಿಗ್ರಿ ಬಿಸಿ ಏರಿದರೆ ಚಿಪ್ಪಿನ ಸಿಲಿಕಾನ್ ತನ್ನ ಉದ್ದದ ಹತ್ತು ಲಕ್ಷದಲ್ಲಿ ಎರಡೂವರೆ ಪಾಲು ಹಿಗ್ಗುತ್ತದೆ. ತಾಮ್ರ 17 ಪಾಲು, ಅಲ್ಯೂಮಿನಿಯಂ 23 ಪಾಲು. ಸಾದಾ ಎಪಾಕ್ಸಿ ಇವೆಲ್ಲಕ್ಕಿಂತ ಜಾಸ್ತಿ. ಜೊತೆಗೆ ಎಪಾಕ್ಸಿ ಗಟ್ಟಿಯಾಗುವಾಗಲೇ ಸ್ವಲ್ಪ ಕುಗ್ಗುತ್ತದೆ, ಒಳಗಿದ್ದದ್ದನ್ನು ಹಿಂಡುತ್ತದೆ. ಹಗಲು ಬಿಸಿ, ರಾತ್ರಿ ತಂಪು. ಪಂಪು ಓಡಿದಾಗ ಬಿಸಿ, ನಿಂತಾಗ ತಂಪು. ಪ್ರತಿ ಸಲವೂ ಒಂದು ಹಿಂಡು. ಗಾಜಿನ ಡಯೋಡು ಎಷ್ಟು ದಿನ ತಡೆದೀತು?

ನಮ್ಮ ತಲೆಯಲ್ಲಿ ಒಂದು ಲೆಕ್ಕ ಕೂತುಬಿಟ್ಟಿರುತ್ತದೆ: ಕಾಪಾಡುವುದು ಅಂದರೆ ಗಟ್ಟಿ ಇರಬೇಕು. ಕೋಟೆ, ಕವಚ, ಹೆಲ್ಮೆಟ್. ಪೆಟ್ಟು ಹೊರಗಿನಿಂದ ಬರುವಾಗ ಆ ಲೆಕ್ಕ ಸರಿ. ಎಲೆಕ್ಟ್ರಾನಿಕ್ಸಿನಲ್ಲಿ ಎಷ್ಟೋ ಪೆಟ್ಟು ಒಳಗಿನದು. ಬಿಡಿಭಾಗ ತಾನೇ ಉಸಿರಾಡಿದ ಹಾಗೆ ಹಿಗ್ಗಿ ಕುಗ್ಗುತ್ತಿರುತ್ತದೆ. ಅದರ ಜೊತೆಗೆ ತಾನೂ ಬಾಗುವಂಥದ್ದು ಬೇಕು, ಆದರೆ ಹರಿದು ಹೋಗಬಾರದು, ಕರಗಿ ಸುರಿಯಬಾರದು. ಸಿಲಿಕೋನ್ ಜೆಲ್ ಬರುವುದು ಇಲ್ಲಿ.

ಹೆಸರಿನ ಗೊಂದಲ ಒಂದಿದೆ. ಸಿಲಿಕಾನ್ ಬೇರೆ, ಸಿಲಿಕೋನ್ ಬೇರೆ. ಸಿಲಿಕಾನ್ ಮರಳಿನಿಂದ ತೆಗೆಯುವ ಮೂಲವಸ್ತು, ಚಿಪ್ ಮಾಡುವುದು ಅದರಿಂದ. ಸಿಲಿಕೋನ್ ಅಂದರೆ ಸಿಲಿಕಾನ್ ಒಂದು, ಆಮ್ಲಜನಕ ಒಂದು, ಹೀಗೆ ಪೋಣಿಸುತ್ತಾ ಹೋದ ಉದ್ದದ ಸರ. ಸರದ ಎರಡೂ ಬದಿಗೆ ಇಂಗಾಲ ಮತ್ತು ಜಲಜನಕದ ಪುಟ್ಟ ಗೊಂಚಲುಗಳು. ಮಲ್ಲಿಗೆ ದಂಡೆಯಲ್ಲಿ ನಾರು ಒಳಗೆ, ಹೂವು ಹೊರಗೆ ಇರುತ್ತಲ್ಲ, ಹಾಗೆ. ಒಳಗಿನ ನಾರು ಕಲ್ಲಿನ ಜಾತಿ, ಶಾಖಕ್ಕೆ ಬೇಗ ಸೋಲುವುದಿಲ್ಲ. ಹೊರಗಿನ ಹೂವು ಎಣ್ಣೆಯ ಜಾತಿ, ನೀರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಈ ಎರಡು ಗುಣ ಒಂದೇ ಕಡೆ ಸಿಗುವುದು ಅಪರೂಪ.

ಈ ಹೆಸರನ್ನು ಬಳಕೆಗೆ ತಂದವರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಫ್ರೆಡರಿಕ್ ಕಿಪ್ಪಿಂಗ್. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಅವರು ಇದನ್ನೇ ಹಿಡಿದು ಕೂತಿದ್ದರು. ಇದರಿಂದ ದೊಡ್ಡ ಉಪಯೋಗ ಆದೀತು ಅನ್ನುವ ನಂಬಿಕೆ ಅವರಿಗೇ ಇರಲಿಲ್ಲ. ಅಮೆರಿಕದಲ್ಲಿ 1943ರಲ್ಲಿ ಡೌ ಕಾರ್ನಿಂಗ್ ಕಂಪನಿ ಹುಟ್ಟಿತು. ಅದು ಮೊದಲು ಮಾರಿದ ಸರಕು ಯಾವುದು ಗೊತ್ತೇ? ಯುದ್ಧ ವಿಮಾನದ ಎಂಜಿನ್ನಿನ ಕಿಡಿ ಹೊತ್ತಿಸುವ ಭಾಗಕ್ಕೆ ಮೆತ್ತುವ ಒಂದು ಸಿಲಿಕೋನ್ ಮುಲಾಮು. ವಿಮಾನ ಮೇಲೇರಿದಂತೆ ಗಾಳಿ ತೆಳುವಾಗುತ್ತದೆ. ತೆಳು ಗಾಳಿಯಲ್ಲಿ ವಿದ್ಯುತ್ತು ಸುಲಭವಾಗಿ ಆಚೀಚೆ ಹಾರಿ ಸೋರಿಹೋಗುತ್ತದೆ. ಅದನ್ನು ತಡೆಯಲು ಈ ಮುಲಾಮು. ಅಂದರೆ ಅಡುಗೆಮನೆಯ ಸಟ್ಟುಗಕ್ಕೆ ಬರುವ ಮೊದಲೇ ಸಿಲಿಕೋನ್ ಕಾವಲು ಕೆಲಸಕ್ಕೆ ಸೇರಿತ್ತು.

ಇನ್ನು ಎರಡು ಡಬ್ಬಿ ಯಾಕೆ? ಸಾಮಾನ್ಯವಾಗಿ ಎ ಡಬ್ಬಿಯಲ್ಲಿ ತುದಿಗೆ ವಿನೈಲ್ ಅನ್ನುವ ಕೊಕ್ಕೆ ಇರುವ ಸರಗಳು ಇರುತ್ತವೆ, ಜೊತೆಗೆ ಚೂರೇ ಚೂರು ಪ್ಲಾಟಿನಂ. ಬಿ ಡಬ್ಬಿಯಲ್ಲೂ ಅಂಥ ಸರಗಳೇ, ಅವುಗಳ ಜೊತೆಗೆ ಆ ಕೊಕ್ಕೆಗೆ ಸಿಕ್ಕಿಕೊಳ್ಳುವ ಜಲಜನಕ ಹೊತ್ತ ಇನ್ನೊಂದು ಬಗೆಯ ಸರ. ಬೇರೆಬೇರೆ ಇದ್ದಾಗ ಎರಡೂ ತಿಂಗಳುಗಟ್ಟಲೆ ಸುಮ್ನೆ ಇರುತ್ತವೆ. ಸೇರಿಸಿದರೆ ಪ್ಲಾಟಿನಂ ಮಧ್ಯಸ್ಥಿಕೆ ವಹಿಸಿ ಗಂಟು ಹಾಕುತ್ತಾ ಹೋಗುತ್ತದೆ. ಹತ್ತು ಲಕ್ಷ ಪಾಲಿನಲ್ಲಿ ಕೆಲವೇ ಪಾಲು ಪ್ಲಾಟಿನಂ ಸಾಕು. ಪಾತ್ರೆ ತುಂಬ ಹಾಲಿಗೆ ಅರ್ಧ ಚಮಚ ಮೊಸರು ಹೆಪ್ಪು ಹಾಕಿದ ಹಾಗೆ. ಇಂದಿಗೂ ಜಾಸ್ತಿ ಬಳಕೆಯಲ್ಲಿರುವುದು ಜನರಲ್ ಎಲೆಕ್ಟ್ರಿಕ್ ಕಂಪನಿಯ ಬ್ರೂಸ್ ಕಾರ್‌ಸ್ಟೆಡ್ 1970ರ ದಶಕದಲ್ಲಿ ರೂಪಿಸಿದ ಪ್ಲಾಟಿನಂ ಸಂಯುಕ್ತ. ಈ ಗಂಟು ಹಾಕುವ ಕೆಲಸದಲ್ಲಿ ಬೇರೆ ಏನೂ ಹೊರಬರುವುದಿಲ್ಲ. ನೀರಿಲ್ಲ, ಹುಳಿಯಿಲ್ಲ, ಹೊಗೆಯಿಲ್ಲ. ಅದಕ್ಕೇ ಕುಗ್ಗುವುದೂ ತೀರಾ ಕಡಿಮೆ.

ಗಂಟು ಜಾಸ್ತಿ ಹಾಕಿದರೆ ಅದೇ ವಸ್ತು ರಬ್ಬರ್ ಆಗುತ್ತದೆ. ಅಲ್ಲೊಂದು ಇಲ್ಲೊಂದು ಹಾಕಿದರೆ ಜೆಲ್. ಮೀನಿನ ಬಲೆಯ ಕಣ್ಣು ಬಹಳ ದೊಡ್ಡದಿದ್ದು, ನಡುವೆಲ್ಲ ಎಣ್ಣೆ ತುಂಬಿದೆ ಅಂದುಕೊಳ್ಳಿ. ಎಷ್ಟು ಮೆತ್ತಗೆ ಅಂದರೆ, ರಬ್ಬರಿನ ಗಡಸುತನ ಅಳೆಯುವ ಮಾಮೂಲಿ ಉಪಕರಣದ ಮುಳ್ಳು ಇದರ ಮೇಲೆ ಅಲುಗುವುದೇ ಇಲ್ಲ. ಅದಕ್ಕೇ ಒಂದು ಲೋಹದ ಶಂಕುವನ್ನು ಇದರ ಮೇಲೆ ಬಿಟ್ಟು, ಅದು ಎಷ್ಟು ಆಳ ಇಳಿಯಿತು ಅಂತ ಮಿಲಿಮೀಟರಿನ ಹತ್ತನೇ ಒಂದು ಪಾಲಿನ ಲೆಕ್ಕದಲ್ಲಿ ಅಳೆಯುತ್ತಾರೆ. ಬೇಸಿಗೆಯಲ್ಲಿ ರಸ್ತೆ ಬದಿ ತಾಟಿನಿಂಗು ಸುಲಿದು ಕೊಡುತ್ತಾರಲ್ಲ, ಬೆರಳಿನಲ್ಲಿ ಒತ್ತಿ ನೋಡಿ. ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಏಳುತ್ತದೆ. ಬಣ್ಣವೂ ಅದೇ, ಹೆಚ್ಚೂಕಮ್ಮಿ. ತಿನ್ನಲು ಮಾತ್ರ ಆಗುವುದಿಲ್ಲ.

ಇಲ್ಲಿ ಒಬ್ಬರು ಕೈ ಎತ್ತಿದರು. "ಸಾರ್, ಹಾಗಾದ್ರೆ ವ್ಯಾಸಲಿನ್ ಹಚ್ಚಿದ್ರೆ ಆಗಲ್ವಾ? ಅದೂ ಮೆತ್ತಗೇ ಇರುತ್ತೆ, ನೀರನ್ನೂ ತಡೆಯುತ್ತೆ." ಒಳ್ಳೆ ಪ್ರಶ್ನೆ. ವ್ಯಾಸಲಿನ್ನಿನಲ್ಲಿ ಗಂಟು ಇಲ್ಲ, ಬರೀ ಎಣ್ಣೆ ಮತ್ತು ಮೇಣ. ಬಿಸಿಲಲ್ಲಿ ಇಟ್ಟ ತಗಡಿನ ಡಬ್ಬದ ಒಳಗೆ ಅದು ಕರಗಿ ಕೆಳಗೆ ಇಳಿದುಬಿಡುತ್ತದೆ. ಜೆಲ್ಲಿನ ಬಲೆ ಒಂದು ಸಲ ಕಟ್ಟಿಕೊಂಡಿತು ಅಂದರೆ ಮತ್ತೆ ಕರಗುವ ಮಾತೇ ಇಲ್ಲ. ಕೆಳಗೆ ಸೊನ್ನೆಗಿಂತ 40 ಡಿಗ್ರಿ ತಂಪಿನಿಂದ ಮೇಲೆ 150 ಡಿಗ್ರಿವರೆಗೆ ಮಾಮೂಲಿ ಜೆಲ್ಲುಗಳು ಹೀಗೇ ತಾಟಿನಿಂಗಿನ ಹಾಗೆ ಇರುತ್ತವೆ. ಒಳ್ಳೆ ಬಗೆಯವು ಇನ್ನೂ ಮೇಲೆ ಹೋಗುತ್ತವೆ.

ಈಗ ನೀರಿನ ವಿಷಯ. ಇಲ್ಲಿ ಬಹಳ ಜನ ಎಡವುತ್ತಾರೆ, ನಾನೂ ಎಡವಿದ್ದೆ. ಸಿಲಿಕೋನ್ ಜೆಲ್ ನೀರಿನ ಆವಿಯನ್ನು ತಡೆಯುವುದಿಲ್ಲ. ಹೌದು, ಸರಿಯಾಗಿಯೇ ಕೇಳಿದಿರಿ. ಆವಿ ಅದರೊಳಗೆ ಆರಾಮಾಗಿ ಓಡಾಡುತ್ತದೆ. ಎಪಾಕ್ಸಿಗಿಂತ ಎಷ್ಟೋ ಸಲೀಸಾಗಿ.

ಹಾಗಾದರೆ ಕಾಪಾಡುವುದು ಹೇಗೆ? ತಾಮ್ರ ಹಸಿರಾಗಲು, ಅಲ್ಯೂಮಿನಿಯಂ ಸವೆಯಲು ಆವಿ ಸಾಲದು, ನೀರು ಬೇಕು. ಒಂದು ತೆಳು ಪದರವಾದರೂ ಸರಿ, ಅದು ನಿಲ್ಲಬೇಕು, ಅದರಲ್ಲಿ ಉಪ್ಪು ಕರಗಬೇಕು. ನಿಲ್ಲಲು ಜಾಗ ಬೇಕಲ್ಲ? ಜೆಲ್ ತನ್ನ ಅಂಟುತನದಿಂದಲೇ ಬೋರ್ಡಿನ ಪ್ರತಿ ಸಂದಿಗೂ, ಐಸಿಯ ಹೊಟ್ಟೆಯ ಕೆಳಗೂ ಹೋಗಿ ಅಂಟಿಕೊಂಡಿರುತ್ತದೆ. ಎಲ್ಲೂ ಖಾಲಿ ಜಾಗ ಇಲ್ಲ. ಆವಿ ಬರುತ್ತದೆ, ಹನಿಯಾಗಲು ಎಡೆ ಸಿಗದೆ ಹಾಗೇ ಹೋಗುತ್ತದೆ. ಇಷ್ಟೇ ಗುಟ್ಟು.

ಅಂದಮೇಲೆ ಬೋರ್ಡು ಕೊಳಕಾಗಿದ್ದರೆ ಈ ಗುಟ್ಟು ಕೆಲಸ ಮಾಡುವುದಿಲ್ಲ. ಬೆವರಿನ ಬೆರಳಿಂದ ಬೋರ್ಡ್ ಮುಟ್ಟಿದಿರಿ, ಅದರ ಮೇಲೆ ಜೆಲ್ ಸುರಿದಿರಿ ಅನ್ನಿ. ಬೆರಳಚ್ಚಿನ ಉಪ್ಪು ಅಡಿಯಲ್ಲಿ ಉಳಿಯಿತು. ಜೆಲ್ಲಿನ ಮೂಲಕ ಬರುವ ಆವಿಯನ್ನು ಆ ಉಪ್ಪು ತನ್ನತ್ತ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಉಪ್ಪಿನ ಜಾಡಿಯಲ್ಲಿ ನೀರೊಡೆಯುತ್ತಲ್ಲ, ಅದೇ ಕಥೆ. ಅಲ್ಲಿ ಒಂದು ಸಣ್ಣ ಬೊಬ್ಬೆ ಏಳುತ್ತದೆ, ಜೆಲ್ ಬೋರ್ಡನ್ನು ಬಿಡುತ್ತದೆ, ನೀರಿಗೆ ಜಾಗ ಸಿಕ್ಕಿತು. ಉಡುಪಿ, ಮಂಗಳೂರು, ಕಾರವಾರದ ಕಡೆ ಗಾಳಿಯಲ್ಲೇ ಉಪ್ಪು ಇರುತ್ತದೆ. ಅಲ್ಲಿಗೆ ಹೋಗುವ ಬೋರ್ಡನ್ನು ತೊಳೆಯದೆ ಜೆಲ್ ಹಾಕುವುದು ದುಡ್ಡು ದಂಡ. ಯಾವ ಜೆಲ್ ತಗೊಳ್ಳಲಿ ಅಂತ ಕೇಳಿಕೊಂಡು ಬರುವವರಿಗೆ ನಾನು ಮೊದಲು ಕೇಳುವುದು ಬೋರ್ಡ್ ಹೇಗೆ ತೊಳೆಯುತ್ತೀರಿ ಅಂತ. ಕೆಲವರಿಗೆ ಸಿಟ್ಟು ಬರುತ್ತದೆ.

ಜೆಲ್ಲಿನ ದೊಡ್ಡ ಕೆಲಸ ಕಾಣಬೇಕಾದರೆ ಐಜಿಬಿಟಿ ಮಾಡ್ಯೂಲ್ ಬಿಚ್ಚಬೇಕು. ನಮ್ಮ ಮೆಟ್ರೋ ಓಡುವುದು ಮೂರನೇ ಹಳಿಯ 750 ವೋಲ್ಟ್ ಡಿಸಿಯಲ್ಲಿ. ಅದನ್ನು ಕತ್ತರಿಸಿ ಕತ್ತರಿಸಿ ಮೋಟಾರಿಗೆ ಬೇಕಾದ ಮೂರು ಫೇಸ್ ಮಾಡುವ ಸ್ವಿಚ್ಚೇ ಐಜಿಬಿಟಿ. ಎಲೆಕ್ಟ್ರಿಕ್ ಕಾರು, ಸೋಲಾರ್ ಇನ್ವರ್ಟರ್, ಕಾರ್ಖಾನೆಯ ಡ್ರೈವ್, ಹೀಗೆ ಬಹಳ ಕಡೆ ಇದೆ. ಇದನ್ನು ರೂಪಿಸಿದ ಜಯಂತ್ ಬಾಳಿಗ ಬೆಳೆದದ್ದು ಇಲ್ಲೇ ಜಾಲಹಳ್ಳಿಯಲ್ಲಿ, ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ, ಆಮೇಲೆ ಮದ್ರಾಸಿನ ಐಐಟಿಯಲ್ಲಿ. ಐಜಿಬಿಟಿ ಮಾಡಿದಾಗ ಅವರಿದ್ದದ್ದು ಜನರಲ್ ಎಲೆಕ್ಟ್ರಿಕ್‌ನಲ್ಲಿ. ಕಾರ್‌ಸ್ಟೆಡ್ ಇದ್ದ ಅದೇ ಕಂಪನಿ! ಒಂದೇ ಮನೆಯಲ್ಲಿ ಹುಟ್ಟಿದ ಸ್ವಿಚ್ಚೂ ಪ್ಲಾಟಿನಮ್ಮೂ ಈಗ ಒಂದೇ ಡಬ್ಬದೊಳಗೆ ಸಂಸಾರ ಮಾಡುತ್ತಿವೆ. 2024ರಲ್ಲಿ ಬಾಳಿಗರಿಗೆ ಫಿನ್ಲೆಂಡಿನ ಮಿಲೇನಿಯಂ ತಂತ್ರಜ್ಞಾನ ಪ್ರಶಸ್ತಿ ಬಂತು.

ಇಲ್ಲಿ ಒಂದು ಸುಟ್ಟುಹೋದ ಮಾಡ್ಯೂಲ್ ತಂದಿದ್ದೇನೆ. ಮುಚ್ಚಳ ತೆಗೆದಿದ್ದೇನೆ, ಕೈಯಿಂದ ಕೈಗೆ ದಾಟಿಸಿ. ಒಳಗೆ ಕಾಣುವ ಚಿಪ್ಪುಗಳು ಉಗುರಿನಷ್ಟಗಲ. ಅವುಗಳಿಂದ ಆಚೆಗೆ ಕಮಾನು ಕಮಾನಾಗಿ ಹೊಲಿದ ಹಾಗೆ ಹೋಗಿರುವುದು ಅಲ್ಯೂಮಿನಿಯಂ ತಂತಿಗಳು, ಮಿಲಿಮೀಟರಿನ ಮೂರರಲ್ಲಿ ಒಂದು ಪಾಲಿನಷ್ಟು ದಪ್ಪ. ಅವುಗಳ ಮೇಲೆ ಮಿರಿಮಿರಿ ಅನ್ನುವ ಪಾರದರ್ಶಕ ಪದರ ಕಾಣುತ್ತಿದೆಯಲ್ಲ, ಅದೇ ಜೆಲ್. ಬೇಕಾದರೆ ಬೆರಳಿಡಿ, ಅಂಟುತ್ತದೆ ಅಷ್ಟೇ.

ರೈಲು ಹೊರಟಾಗ ಈ ಚಿಪ್ ಬಿಸಿಯಾಗುತ್ತದೆ, ನಿಲ್ದಾಣದಲ್ಲಿ ನಿಂತಾಗ ಆರುತ್ತದೆ. ದಿನಕ್ಕೆ ಎಷ್ಟು ನಿಲ್ದಾಣ ಲೆಕ್ಕ ಹಾಕಿ. ಪ್ರತಿ ಸಲವೂ ಆ ತಂತಿಯ ಕಮಾನು ಕಣ್ಣಿಗೆ ಕಾಣದಷ್ಟು ಮೇಲೆ ಕೆಳಗೆ ಆಡುತ್ತದೆ. ಎಪಾಕ್ಸಿ ಸುರಿದಿದ್ದರೆ ಬುಡದಲ್ಲಿ ಕಿತ್ತುಕೊಂಡು ಬರುತ್ತಿತ್ತು. ಜೆಲ್ ಅದನ್ನು ಆಡಲು ಬಿಡುತ್ತದೆ. ಬರೀ ಗಾಳಿ ಬಿಟ್ಟರೂ ತಂತಿ ಆಡುತ್ತಿತ್ತು, ನಿಜ. ಆದರೆ ಗಾಳಿ ಒಂದು ಮಿಲಿಮೀಟರಿಗೆ ತಡೆಯುವುದು ಸುಮಾರು 3,000 ವೋಲ್ಟ್. ಜೆಲ್ 15,000 ವೋಲ್ಟ್ ಮೇಲೆಯೇ ತಡೆಯುತ್ತದೆ. ಕೆಲವು ಮಾಡ್ಯೂಲುಗಳು 6,500 ವೋಲ್ಟಿನವು. ಅಷ್ಟು ಇಕ್ಕಟ್ಟಿನ ಡಬ್ಬದಲ್ಲಿ ಅಷ್ಟು ವೋಲ್ಟೇಜು ಇಟ್ಟುಕೊಂಡು ಗಾಳಿಯನ್ನು ನಂಬಿ ಕೂರಲು ಆಗುವುದಿಲ್ಲ.

ಆದ್ದರಿಂದಲೇ ಗುಳ್ಳೆ ಅಂದರೆ ನಮಗೆ ಭಯ. ಜೆಲ್ಲಿನೊಳಗೆ ಒಂದು ಗಾಳಿಗುಳ್ಳೆ ಉಳಿದರೆ, ಸುತ್ತಲಿನ ಜೆಲ್ಲಿಗಿಂತ ಆ ಗುಳ್ಳೆಯೊಳಗೆ ವಿದ್ಯುತ್ತಿನ ಒತ್ತಡ ಜಾಸ್ತಿ ಬೀಳುತ್ತದೆ. ತಡೆಯುವ ಶಕ್ತಿ ಮಾತ್ರ ಅದಕ್ಕೆ ಕಡಿಮೆ. ಒಳಗೇ ಸಣ್ಣ ಸಣ್ಣ ಕಿಡಿ ಹಾರುತ್ತದೆ. ಪ್ರತಿ ಕಿಡಿಯೂ ಗುಳ್ಳೆಯ ಗೋಡೆಯನ್ನು ಚೂರು ಚೂರೇ ತಿನ್ನುತ್ತದೆ. ಕೊನೆಗೆ ಒಂದು ದಿನ ದಾರಿ ಆಗಿಬಿಡುತ್ತದೆ. ನಿಮ್ಮ ಕೈಯಲ್ಲಿರುವ ಮಾಡ್ಯೂಲಿನ ಮೂಲೆಯಲ್ಲಿ ಕಪ್ಪಗೆ ಬೇರಿನ ಹಾಗೆ ಕವಲೊಡೆದ ಗುರುತು ಇದೆ ನೋಡಿ.

ಗುಳ್ಳೆ ತೆಗೆಯುವುದು ನೋಡಲು ಚೆಂದ. ಕಲಸಿದ ಜೆಲ್ಲನ್ನು ಪಾತ್ರೆ ಸಮೇತ ನಿರ್ವಾತದ ಡಬ್ಬಕ್ಕಿಟ್ಟು ಪಂಪ್ ಹಾಕುತ್ತೇವೆ. ಮೊದಲು ಅಲ್ಲೊಂದು ಇಲ್ಲೊಂದು ಗುಳ್ಳೆ. ಆಮೇಲೆ ಇದ್ದಕ್ಕಿದ್ದ ಹಾಗೆ ಹಾಲು ಉಕ್ಕಿದಂತೆ ನೊರೆ ಏಳುತ್ತದೆ. ಮೂರು ನಾಲ್ಕು ಪಟ್ಟು ಏಳುತ್ತದೆ, ಅದಕ್ಕೇ ಪಾತ್ರೆಯ ಕಾಲು ಭಾಗ ಮಾತ್ರ ತುಂಬಬೇಕು. ನಾನು ಮೊದಲ ದಿನ ಮುಕ್ಕಾಲು ತುಂಬಿದ್ದೆ. ಪಂಪಿನೊಳಗೆಲ್ಲ ಜೆಲ್ ಹೋಯಿತು. ಆ ಪಂಪ್ ಬಿಚ್ಚಿ ಒರೆಸಿದ್ದು ಯಾರು ಅಂತ ಕೇಳಬೇಡಿ. ಉಕ್ಕಿದ ನೊರೆ ಒಂದು ಹಂತದಲ್ಲಿ ಧೊಪ್ ಅಂತ ಕುಸಿಯುತ್ತದೆ. ಅಲ್ಲಿಂದ ಇನ್ನು ಐದು ನಿಮಿಷ ಬಿಟ್ಟು ಗಾಳಿ ತೆರೆಯುವುದು. ಸುರಿಯುವಾಗ ಒಂದೇ ಮೂಲೆಯಿಂದ, ದೋಸೆ ಕಾವಲಿಗೆ ಎಣ್ಣೆ ಬಿಟ್ಟಂತೆ ಸಣ್ಣ ಧಾರೆಯಲ್ಲಿ. ಜೆಲ್ ತಾನೇ ಹರಿದುಕೊಂಡು ಹೋಗಿ ಗಾಳಿಯನ್ನು ಮುಂದೆ ತಳ್ಳಬೇಕು. ಬೋರ್ಡಿನಲ್ಲೇ ತೇವ ಇದ್ದರೆ ಓವನ್ನಿನಲ್ಲಿ ಮತ್ತೆ ಗುಳ್ಳೆ ಬರುತ್ತದೆ. ಹಾಗಾಗಿ ಮೊದಲು ಬೋರ್ಡನ್ನು ಬಿಸಿ ಮಾಡಿ ಒಣಗಿಸಿಕೊಳ್ಳಬೇಕು. ಮಳೆಗಾಲದಲ್ಲಂತೂ ಇದು ಬೇಕೇ ಬೇಕು.

ಈಗ ಒಂದು ಅವಮಾನದ ಕಥೆ. ಆಗ ನಾನು ಬೇರೆ ಒಂದು ಕಂಪನಿಯಲ್ಲಿದ್ದೆ. ಸೆನ್ಸಾರ್ ಬೋರ್ಡಿಗೆ ಜೆಲ್ ಹಾಕುತ್ತಿದ್ದೆವು. ಎರಡು ವರ್ಷ ಚೆನ್ನಾಗಿ ನಡೆದದ್ದು ಒಂದು ವಾರ ಇದ್ದಕ್ಕಿದ್ದಂತೆ ಕೆಟ್ಟಿತು. ಓವನ್ನಿಂದ ತೆಗೆದರೆ ನಡುವೆ ಚೆನ್ನಾಗಿ ಸೆಟ್ ಆಗಿದೆ, ಆದರೆ ಬೋರ್ಡಿನ ಎರಡು ಅಂಚಿನಲ್ಲಿ ಅಡಿಯಲ್ಲೆಲ್ಲ ಪಾಕ ಪಾಕ. ಅಳತೆ ತಪ್ಪಿದೆ ಅಂದುಕೊಂಡೆವು. ತಕ್ಕಡಿ ಬದಲಾಯಿಸಿದೆವು. ಓವನ್ನಿನ ಶಾಖ ಏರಿಸಿದೆವು. ಜೆಲ್ ಕೊಟ್ಟವರ ಮೇಲೆ ಕೂಗಾಡಿದೆವು. ಅವರು ಹೊಸ ಡಬ್ಬಿ ಕಳಿಸಿದರು, ಅದೂ ಹಾಗೇ.

ಲೈನಿನಲ್ಲಿ ಒಬ್ಬರು ಹಿರಿಯ ಹೆಂಗಸು ಇದ್ದರು, ಎಲ್ಲರೂ ಅಕ್ಕ ಅಂತಲೇ ಕರೆಯುತ್ತಿದ್ದೆವು. ಹತ್ತು ಹನ್ನೆರಡು ವರ್ಷ ಅದೇ ಕೆಲಸ ಮಾಡಿದವರು. ಅವರು ಒಂದು ಕೆಟ್ಟ ಬೋರ್ಡನ್ನು ಎತ್ತಿ, ಜೆಲ್ಲನ್ನು ಚಾಕುವಿನಲ್ಲಿ ಪೂರ್ತಿ ಎಬ್ಬಿಸಿ, ಅಡಿಯ ಒದ್ದೆ ಗುರುತನ್ನು ಟ್ಯೂಬ್‌ಲೈಟಿಗೆ ಹಿಡಿದರು. ಆಮೇಲೆ ತಮ್ಮ ಎರಡು ಹೆಬ್ಬೆರಳನ್ನು ಆ ಗುರುತಿನ ಮೇಲೆ ಇಟ್ಟರು. ಸರಿಯಾಗಿ ಕೂತಿತು.

"ಸಾರ್, ನಾವು ಬೋರ್ಡ್ ಹಿಡಿಯೋ ಜಾಗ ಇದು," ಅಂದರು. "ಗ್ಲೌಸ್ ಬದಲಾದ ಮೇಲೇ ಅಲ್ವಾ ಇದು ಶುರುವಾಗಿದ್ದು?"

ಹೌದು. ಆ ವಾರ ಸ್ಟೋರಿನವರು ಕಡಿಮೆ ಬೆಲೆಗೆ ಸಿಕ್ಕಿತು ಅಂತ ಲ್ಯಾಟೆಕ್ಸ್ ಗ್ಲೌಸ್ ತರಿಸಿದ್ದರು. ಲ್ಯಾಟೆಕ್ಸ್ ರಬ್ಬರನ್ನು ಗಟ್ಟಿ ಮಾಡುವುದು ಗಂಧಕ ಹಾಕಿ. ಆ ಗಂಧಕದ ಅಂಶ ಬೆರಳಿನಿಂದ ಬೋರ್ಡಿಗೆ ದಾಟುತ್ತದೆ. ಪ್ಲಾಟಿನಂ ಗಂಧಕವನ್ನು ಕಂಡರೆ ಅದನ್ನೇ ಅಪ್ಪಿಕೊಂಡು ಕೂತುಬಿಡುತ್ತದೆ, ಗಂಟು ಹಾಕುವ ಕೆಲಸ ಮರೆಯುತ್ತದೆ. ಇರುವುದೇ ಕೆಲವು ಪಾಲು, ಅದನ್ನು ಕೆಡಿಸಲು ಎಷ್ಟು ಬೇಕು? ಗಂಧಕ ಒಂದೇ ಅಲ್ಲ. ತವರದ ಕೆಲವು ಸಂಯುಕ್ತಗಳು, ಅಮೈನ್ ಇರುವ ಎಪಾಕ್ಸಿ, ಬೆಸುಗೆಯ ಕೆಲವು ಫ್ಲಕ್ಸು, ಕೆಲವು ಅಂಟುಪಟ್ಟಿಗಳೂ ಇದೇ ಕೆಲಸ ಮಾಡುತ್ತವೆ. ಈಗ ಹೊಸ ಯಾವುದೇ ವಸ್ತು ಲೈನಿಗೆ ಬಂದರೂ, ಅದರ ಮೇಲೆ ಒಂದು ಚಮಚ ಜೆಲ್ ಹಾಕಿ ಸೆಟ್ ಆಗುತ್ತದಾ ನೋಡಿಯೇ ಒಳಗೆ ಬಿಡುತ್ತೇವೆ. ಅಕ್ಕನ ಪರೀಕ್ಷೆ ಅಂತ ನಾವು ಅದಕ್ಕೆ ಹೆಸರಿಟ್ಟಿದ್ದೆವು.

ಅದೇ ಕಂಪನಿಯಲ್ಲಿ ಇನ್ನೊಂದು ತಪ್ಪು ಪೂರ್ತಿ ನನ್ನದೇ. ಡಬ್ಬದ ತುಂಬ ಜೆಲ್ ಸುರಿಸಿ ಮುಚ್ಚಳ ಬಿಗಿಸಿದ್ದೆ. ಗಾಳಿಗೆ ಜಾಗವೇ ಇರಬಾರದು ಅನ್ನುವ ಆಸೆ. ಜೆಲ್ ಮೆತ್ತಗಿದ್ದರೂ ನೀರಿನ ಹಾಗೆ, ಅದುಮಿ ಚಿಕ್ಕದು ಮಾಡಲು ಆಗುವುದಿಲ್ಲ. ಮತ್ತೆ ಅದು ಹಿಗ್ಗುವುದು ಲೋಹಕ್ಕಿಂತ ಹತ್ತಾರು ಪಟ್ಟು. ಡಿಗ್ರಿಗೆ ಗಾತ್ರದ ಸಾವಿರದಲ್ಲಿ ಒಂದು ಪಾಲು ಅಂತ ಇಟ್ಟುಕೊಳ್ಳಿ. 30 ಡಿಗ್ರಿಯಿಂದ 85ಕ್ಕೆ ಹೋದರೆ ನೂರಕ್ಕೆ ಐದೂವರೆ ಪಾಲು. 50 ಮಿಲಿಮೀಟರ್ ಆಳದ ಡಬ್ಬದಲ್ಲಿ ಜೆಲ್ ಎರಡೂವರೆ ಮಿಲಿಮೀಟರಿಗಿಂತ ಜಾಸ್ತಿ ಮೇಲೇಳುತ್ತದೆ. ಪರೀಕ್ಷೆಯ ಓವನ್ ತೆರೆದಾಗ ಮುಚ್ಚಳಗಳೆಲ್ಲ ಪೂರಿಯ ಹಾಗೆ ಉಬ್ಬಿದ್ದವು. ಮೇಲೆ ಜಾಗ ಬಿಡಬೇಕು. ಅಷ್ಟೇ.

ಚಿಕ್ಕ ಕಡೆಯೂ ಜೆಲ್ ಇದೆ. ಕಾರಿನ ಎಂಜಿನ್ ಎಳೆದುಕೊಳ್ಳುವ ಗಾಳಿಯ ಒತ್ತಡ ಅಳೆಯುವ ಸೆನ್ಸಾರಿನಲ್ಲಿ ಸಿಲಿಕಾನಿನ ಒಂದು ತೆಳು ಪರದೆ ಇರುತ್ತದೆ. ಒತ್ತಡಕ್ಕೆ ಅದು ಬಾಗಬೇಕು, ಆದರೆ ತೇವ ತಾಗಬಾರದು. ಅದಕ್ಕೆ ಹೋಗುವ ಚಿನ್ನದ ತಂತಿ ನಮ್ಮ ಕೂದಲಿಗಿಂತ ತೆಳ್ಳಗೆ. ಅದರ ಮೇಲೆ ಒಂದು ಹನಿ ಜೆಲ್ ಕೂರಿಸುತ್ತಾರೆ. ಒತ್ತಡ ಜೆಲ್ಲಿನ ಮೂಲಕ ಪರದೆಗೆ ಹಾಗೇ ದಾಟುತ್ತದೆ. ಪೆಟ್ರೋಲಿನ ಆವಿ ಬರುವ ಜಾಗವಾದರೆ ಫ್ಲೋರೋಸಿಲಿಕೋನ್ ಬಗೆಯ ಜೆಲ್ ಬೇಕು, ಮಾಮೂಲಿಯದು ಪೆಟ್ರೋಲ್ ಕುಡಿದು ಊದಿಕೊಳ್ಳುತ್ತದೆ.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: "ಅಂಗಡೀಲಿ ಸಿಗೋ ಸಿಲಿಕೋನ್ ಟ್ಯೂಬ್ ಹಾಕಬಹುದಾ ಸಾರ್? ನಮ್ಮೂರಲ್ಲಿ ಇನ್ವರ್ಟರ್ ರಿಪೇರಿ ಮಾಡೋರು ಅದನ್ನೇ ಹಾಕ್ತಾರೆ." ಆ ಟ್ಯೂಬ್ ಮೀನಿನ ತೊಟ್ಟಿಯ ಗಾಜು ಅಂಟಿಸಲು, ಸಿಂಕಿನ ಸಂದಿ ಮುಚ್ಚಲು ಸರಿ. ಹಚ್ಚಿದಾಗ ಮೂಗಿಗೆ ಹುಳಿ ವಾಸನೆ ಹೊಡೆಯುತ್ತಲ್ಲ, ಅದು ವಿನಿಗರಿನಲ್ಲಿರುವ ಅಸಿಟಿಕ್ ಆಮ್ಲ. ಅದು ಗಟ್ಟಿಯಾಗುವಾಗ ಹೊರಬಿಡುವುದೇ ಆ ಆಮ್ಲವನ್ನು. ತಾಮ್ರದ ಮೇಲೆ ಆಮ್ಲ ಸುರಿದು ಮುಚ್ಚಿದ ಹಾಗಾಯಿತು. ಕೆಲವು ತಿಂಗಳ ಮೇಲೆ ಕಿತ್ತು ನೋಡಿ, ಹಳೇ ಕಂಚಿನ ಗಂಟೆಯ ಹಾಗೆ ಹಸಿರು ಹಿಡಿದಿರುತ್ತದೆ. ಮತ್ತೆ ಅದು ಗಟ್ಟಿಯಾಗಲು ಗಾಳಿಯ ತೇವ ಬೇಕು. ಮೇಲೆ ಚರ್ಮ ಕಟ್ಟುತ್ತದೆ, ದಿನಕ್ಕೆ ಎರಡು ಮೂರು ಮಿಲಿಮೀಟರ್ ಅಷ್ಟೇ ಒಳಗೆ ಹೋಗುತ್ತದೆ. ಎರಡು ಡಬ್ಬಿಯ ಜೆಲ್ಲಿಗೆ ಗಾಳಿ ಬೇಡ, ಎಷ್ಟೇ ಆಳ ಇದ್ದರೂ ಮೇಲೆ ಕೆಳಗೆ ಒಟ್ಟಿಗೇ ಸೆಟ್ ಆಗುತ್ತದೆ.

ಜೆಲ್ಲನ್ನು ಇಷ್ಟು ಹೊಗಳಿದೆ ಅಂತ ಎಲ್ಲ ಕಡೆ ಸುರಿಯಬೇಡಿ. ರಿಲೇ, ಅಂದರೆ ವಿದ್ಯುತ್ತಿನಿಂದಲೇ ಟಕ್ ಅಂತ ಆಡುವ ಸ್ವಿಚ್ಚು, ಇರುವ ಕಡೆ ಹುಷಾರು. ಜೆಲ್ಲಿನಿಂದ ಗಂಟಿಗೆ ಸಿಗದ ಸಣ್ಣ ಸರಗಳು ಆವಿಯಾಗಿ ಹೊರಬರುತ್ತವೆ. ರಿಲೇಯ ಕಾಂಟ್ಯಾಕ್ಟಿನ ಕಿಡಿಗೆ ಸಿಕ್ಕಿ ಅವು ಸುಟ್ಟು ಮರಳಿನ ಪುಡಿಯಾಗುತ್ತವೆ. ಮರಳು ವಿದ್ಯುತ್ತನ್ನು ಬಿಡುವುದಿಲ್ಲ. ರಿಲೇ ಟಕ್ ಅನ್ನುತ್ತದೆ, ಪಂಪು ಓಡುವುದಿಲ್ಲ. ಇದಕ್ಕೇ ಕಡಿಮೆ ಆವಿಯ ಬಗೆಗಳು ಇವೆ. ಒಳಚರಂಡಿ ನೀರು ಶುದ್ಧ ಮಾಡುವ ಜಾಗಕ್ಕೆ ಕೊಡುವ ಬೋರ್ಡಾದರೆ ಇನ್ನೂ ಯೋಚಿಸಿ. ಕೊಳೆತ ಮೊಟ್ಟೆಯ ವಾಸನೆಯ ಗಂಧಕದ ಅನಿಲ ಜೆಲ್ಲಿನೊಳಗೆ ನುಗ್ಗಿ ಬೆಳ್ಳಿ, ತಾಮ್ರ ಎರಡನ್ನೂ ಕಪ್ಪು ಮಾಡುತ್ತದೆ. ಅಲ್ಲಿ ಜೆಲ್ ಕಾವಲು ಅಲ್ಲ, ಸ್ಪಂಜು. ಇನ್ನು ಶಾಖ. ಸಾದಾ ಜೆಲ್ ಗಾಳಿಗಿಂತ ಚೆನ್ನಾಗಿ ಶಾಖ ದಾಟಿಸುತ್ತದೆ, ಲೋಹದ ಹತ್ತಿರಕ್ಕೂ ಬರುವುದಿಲ್ಲ. ಶಾಖ ಹೊರಹಾಕುವ ಲೋಹದ ಹೀಟ್‌ಸಿಂಕಿನ ಖರ್ಚು ಉಳಿಸಲು ಅದನ್ನು ಸುರಿದವರನ್ನು ನೋಡಿದ್ದೇನೆ. ಬೆಲೆಯೂ ಎಪಾಕ್ಸಿಗಿಂತ ಬಹಳ ಜಾಸ್ತಿ. ಹೊರಗಿನ ಪೆಟ್ಟು ತಡೆಯಲು ಡಬ್ಬ ಬೇಕೇ ಬೇಕು, ಬರೀ ಜೆಲ್ಲನ್ನು ಇಲಿ ಕೂಡ ಕಿತ್ತು ಹಾಕುತ್ತದೆ.

ಸರಿ, ಮುಕ್ಕಾಲು ಗಂಟೆ ಆಯಿತು. ಮುಂದಿನ ಸಾಲಿನ ಹುಡುಗಿ ಬಾರಮ್ಮ. ಮೊದಲನೇ ಲೋಟ. ಒತ್ತು, ಹೆದರಬೇಡ. ತಗ್ಗಿತಾ? ಎದ್ದಿತಾ? ಎಲ್‌ಇಡಿ ಇನ್ನೂ ಉರಿಯುತ್ತಿದೆ. ಈಗ ಈ ಮಲ್ಟಿಮೀಟರಿನ ಸೂಜಿ ಮೊನೆಯನ್ನು ಜೆಲ್ ಮೂಲಕವೇ ಚುಚ್ಚಿ ಎಲ್‌ಇಡಿಯ ಎರಡು ಕಾಲಿಗೆ ತಾಗಿಸು. ಎಷ್ಟು ತೋರಿಸುತ್ತಿದೆ? 1.9 ವೋಲ್ಟ್. ಈಗ ಸೂಜಿ ತೆಗೆ. ತೂತು ಎಲ್ಲಿದೆ ಹುಡುಕು ನೋಡೋಣ. ಸಿಗಲ್ಲ, ಮುಚ್ಚಿಕೊಂಡಿತು. ಎಪಾಕ್ಸಿಯಲ್ಲಿ ಇದಕ್ಕೆ ಹ್ಯಾಕ್ಸಾ ಬೇಕಾಗಿತ್ತು. ಕೆಟ್ಟ ಭಾಗ ಇದ್ದರೆ ಅಷ್ಟು ಜಾಗದ ಜೆಲ್ಲನ್ನು ಕೆತ್ತಿ ತೆಗೆದು, ಬೆಸುಗೆ ಹಾಕಿ, ತೊಳೆದು, ಮತ್ತೆ ಅಷ್ಟೇ ಸುರಿದರೆ ಆಯಿತು. ಹಳೆಯದಕ್ಕೆ ಹೊಸದು ಅಂಟಿಕೊಳ್ಳುತ್ತದೆ.

ಎರಡನೇ ಲೋಟ. ಮೇಲಿನಿಂದ ನೋಡಿದರೆ ಚೆನ್ನಾಗಿಯೇ ಇದೆ, ಅಲ್ವಾ? ಅಂಚನ್ನು ಒತ್ತು, ಸೆಟ್ ಆಗಿದೆ. ಈಗ ಎಲ್‌ಇಡಿಯನ್ನು ಹಿಡಿದು ಮೇಲಕ್ಕೆ ಎಳೆ. ಬಂತು ನೋಡಿ, ಏನೂ ಹಿಡಿದುಕೊಳ್ಳದೆ. ರಬ್ಬರ್ ಬ್ಯಾಂಡಿನ ಸುತ್ತ ಬೆಲ್ಲದ ಪಾಕದ ಹಾಗೆ ಇಳಿಯುತ್ತಿದೆ. ಇದು ನಾಳೆಗೂ ಸೆಟ್ ಆಗುವುದಿಲ್ಲ, ಮುಂದಿನ ವರ್ಷಕ್ಕೂ ಆಗುವುದಿಲ್ಲ.

ಕೈ ಒರೆಸಲು ಬಟ್ಟೆ ಅಲ್ಲಿದೆ. ಸೋಪಿಗೆ ಬೇಗ ಹೋಗುವುದಿಲ್ಲ, ಮೊದಲು ಒಣ ಬಟ್ಟೆಯಲ್ಲೇ ಚೆನ್ನಾಗಿ ಒರೆಸಿಕೊಳ್ಳಿ. ಮೊದಲನೇ ಲೋಟ ಯಾರಾದರೂ ತಗೊಂಡು ಹೋಗಬಹುದು. ಸೆಲ್ ಮುಗಿಯುವವರೆಗೆ ಉರಿಯುತ್ತಿರುತ್ತದೆ.